ಉದ್ಯೋಗ ನಷ್ಟ ಮತ್ತು ನಿರುದ್ಯೋಗ ಭತ್ಯೆಯ ಅರ್ಹತೆ (ಭಾರತ)

ನಿರುದ್ಯೋಗ ಭತ್ಯೆ ಎಂದರೆ ವೇತನದ ಕೆಲಸದಲ್ಲಿದ್ದ ವ್ಯಕ್ತಿಯು ತನ್ನದಲ್ಲದ ಕಾರಣದಿಂದ ಆ ಕೆಲಸವನ್ನು ಕಳೆದುಕೊಂಡಾಗ, ಮತ್ತೊಂದು ಕೆಲಸ ದೊರೆಯುವವರೆಗೆ ಅಥವಾ ನಿಗದಿತ ಅವಧಿಯವರೆಗೆ ದೊರೆಯುವ ನಗದು ನೆರವು. ಭಾರತದಲ್ಲಿ ಎಲ್ಲ ದುಡಿಯುವವರಿಗೂ ಅನ್ವಯಿಸುವ ಒಂದೇ ನಿರುದ್ಯೋಗ ವಿಮೆ ಇಲ್ಲ. ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ (ಇಎಸ್‌ಐ) ಒಳಪಟ್ಟ ಕಾರ್ಮಿಕರಿಗೆ ಮಾತ್ರ ಎರಡು ಯೋಜನೆಗಳ ಮೂಲಕ ಈ ನೆರವು ಲಭ್ಯವಿದೆ. ಅವು 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಮತ್ತು 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಇವುಗಳ ಅರ್ಹತೆಯನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ: ಕಾರ್ಮಿಕನು ವಿಮಾದಾರನಾಗಿದ್ದನೇ, ಅವನ ಹೆಸರಿನಲ್ಲಿ ಸಾಕಷ್ಟು ದಿನಗಳ ವಂತಿಗೆ ಜಮೆಯಾಗಿದೆಯೇ, ಮತ್ತು ಕೆಲಸ ಹೋದದ್ದು ಯಾವ ಕಾರಣದಿಂದ. ಮೂರನೆಯದು ಅನೇಕ ವೇಳೆ ಕೆಲಸದ ಕೊನೆಯ ದಿನ ಸಹಿ ಮಾಡುವ ಒಂದು ಕಾಗದವನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ನಿರುದ್ಯೋಗವನ್ನು ವ್ಯಕ್ತಿಯ ಸೋಮಾರಿತನವೆಂದು ಭಾವಿಸದೆ, ಕೈಗಾರಿಕಾ ವ್ಯವಸ್ಥೆಯ ಏರಿಳಿತದಿಂದ ಉಂಟಾಗುವ ಅಪಾಯವೆಂದು ಪರಿಗಣಿಸುವ ವಿಚಾರವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನಲ್ಲಿ ಬಲಗೊಂಡಿತು. ಬ್ರಿಟನ್ನಿನ 1911ರ ರಾಷ್ಟ್ರೀಯ ವಿಮಾ ಕಾಯ್ದೆಯು ಆಯ್ದ ಉದ್ಯಮಗಳ ಕಾರ್ಮಿಕರಿಗೆ ಕಡ್ಡಾಯ ನಿರುದ್ಯೋಗ ವಿಮೆಯನ್ನು ಜಾರಿಗೆ ತಂದಿತು. ಜರ್ಮನಿಯು 1927ರಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನವು 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಮೂಲಕವೂ ಇದೇ ಹಾದಿ ಹಿಡಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1952ರಲ್ಲಿ ಅಂಗೀಕರಿಸಿದ 102ನೇ ಒಡಂಬಡಿಕೆಯು ನಿರುದ್ಯೋಗ ನೆರವನ್ನು ಸಾಮಾಜಿಕ ಭದ್ರತೆಯ ಶಾಖೆಗಳಲ್ಲಿ ಒಂದೆಂದು ಗುರುತಿಸಿದೆ.

ಭಾರತದ ಸಂವಿಧಾನದ 41ನೇ ಅನುಚ್ಛೇದವು ನಿರುದ್ಯೋಗ, ವೃದ್ಧಾಪ್ಯ, ಅನಾರೋಗ್ಯ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗಾಗಿ ರಾಜ್ಯವು ಶ್ರಮಿಸಬೇಕೆಂದು ಹೇಳುತ್ತದೆ. ಆದರೆ ಇದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿದೆ. ರಾಜ್ಯದ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಟ್ಟಿದೆ. ಆದ್ದರಿಂದ ಈ ಅನುಚ್ಛೇದವೊಂದನ್ನೇ ಆಧರಿಸಿ ಯಾರೂ ನ್ಯಾಯಾಲಯದಲ್ಲಿ ಭತ್ಯೆಯನ್ನು ಕೇಳಲಾಗದು. ಅದಕ್ಕೆ ನಿರ್ದಿಷ್ಟ ಕಾಯ್ದೆ ಅಥವಾ ಯೋಜನೆಯ ಆಧಾರ ಬೇಕು. ಅಂತಹ ಆಧಾರವನ್ನು ಒದಗಿಸಿದ್ದು ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, 1948. ಈ ಕಾಯ್ದೆಯ ಯೋಜನೆಯು 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಮೊದಲ ಐದು ದಶಕಗಳಲ್ಲಿ ಅದು ಕಾಯಿಲೆ, ಹೆರಿಗೆ, ಕೆಲಸದ ವೇಳೆಯ ಗಾಯ ಮೊದಲಾದ ಸಂದರ್ಭಗಳಿಗೆ ಮಾತ್ರ ನೆರವು ನೀಡುತ್ತಿತ್ತು. ಕೆಲಸವೇ ಹೋದಾಗ ನೆರವು ನೀಡುವ ವ್ಯವಸ್ಥೆ ಬಂದದ್ದು 2005ರಲ್ಲಿ. ಸಾಮಾಜಿಕ ಭದ್ರತಾ ಸಂಹಿತೆ, 2020 ಈಗ 1948ರ ಕಾಯ್ದೆಯ ವಿಷಯಗಳನ್ನು ಒಳಗೊಂಡಿದೆ. ಈ ಸಂಹಿತೆಯು ಇತರ ಮೂರು ಕಾರ್ಮಿಕ ಸಂಹಿತೆಗಳೊಡನೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು.

ವಿಮಾದಾರ ಎಂದರೆ ಯಾರು

ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವ ಕಾರ್ಖಾನೆಗಳು ಹಾಗೂ ಗೊತ್ತುಪಡಿಸಿದ ಸಂಸ್ಥೆಗಳು ಇಎಸ್‌ಐ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನ ಪಡೆಯುವವರು ವಿಮಾದಾರರಾಗುತ್ತಾರೆ. ಈ ಮಿತಿಯು 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅಂಗವಿಕಲ ನೌಕರರಿಗೆ ಮಿತಿ 25,000 ರೂಪಾಯಿ. 2019ರ ಜುಲೈ 1ರಿಂದ ನೌಕರನ ವಂತಿಗೆ ವೇತನದ ಶೇಕಡಾ 0.75 ಮತ್ತು ಮಾಲೀಕನ ವಂತಿಗೆ ಶೇಕಡಾ 3.25 ಆಗಿದೆ. ಉದಾಹರಣೆಗೆ 15,000 ರೂಪಾಯಿ ವೇತನವಿರುವ ಕಾರ್ಮಿಕನಿಂದ ಪ್ರತಿ ತಿಂಗಳು ಸುಮಾರು 113 ರೂಪಾಯಿ ಕಡಿತವಾಗುತ್ತದೆ.

ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಎರಡನೆಯದು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಅವಧಿಯ ನಡುವೆ ವೇತನವು ಮಿತಿಯನ್ನು ಮೀರಿದರೂ ಆ ಅವಧಿ ಮುಗಿಯುವವರೆಗೆ ಕಾರ್ಮಿಕನು ವಿಮಾದಾರನಾಗಿಯೇ ಉಳಿಯುತ್ತಾನೆ. ಭತ್ಯೆಯ ಅರ್ಹತೆಯನ್ನು ಲೆಕ್ಕ ಹಾಕುವಾಗ ಈ ಆರು ತಿಂಗಳ ಅವಧಿಗಳೇ ಅಳತೆಗೋಲು.

ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ

ಈ ಯೋಜನೆಯು 2005ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮೂರು ಕಾರಣಗಳಿಂದ ಕೆಲಸ ಕಳೆದುಕೊಂಡ ವಿಮಾದಾರರಿಗೆ ಇದು ಅನ್ವಯಿಸುತ್ತದೆ:

1. ಕಾರ್ಖಾನೆ ಅಥವಾ ಸಂಸ್ಥೆಯು ಮುಚ್ಚಿಹೋಗುವುದು.
2. ಹೆಚ್ಚುವರಿ ಎಂದು ನೌಕರರನ್ನು ಕಡಿತಗೊಳಿಸುವುದು. ಕಾನೂನಿನ ಭಾಷೆಯಲ್ಲಿ ಇದನ್ನು ರಿಟ್ರೆಂಚ್‌ಮೆಂಟ್ ಎನ್ನುತ್ತಾರೆ.
3. ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಶಕ್ತತೆ ಉಂಟಾಗುವುದು.

ಕೆಲಸ ಹೋಗುವ ಮೊದಲು ನಿಗದಿತ ಕನಿಷ್ಠ ಅವಧಿಯ ವಂತಿಗೆ ಸಂದಾಯವಾಗಿರಬೇಕು. ಆರಂಭದಲ್ಲಿ ಆರು ತಿಂಗಳಿಗೆ ಸೀಮಿತವಾಗಿದ್ದ ಭತ್ಯೆಯನ್ನು ಮುಂದೆ ಹನ್ನೆರಡು ತಿಂಗಳಿಗೂ ಬಳಿಕ ಇಪ್ಪತ್ತನಾಲ್ಕು ತಿಂಗಳಿಗೂ ವಿಸ್ತರಿಸಲಾಯಿತು. ಮೊದಲ ಹನ್ನೆರಡು ತಿಂಗಳು ವೇತನದ ಶೇಕಡಾ 50ರಷ್ಟು, ನಂತರದ ಹನ್ನೆರಡು ತಿಂಗಳು ಶೇಕಡಾ 25ರಷ್ಟು ದೊರೆಯುತ್ತದೆ. ಇಪ್ಪತ್ತನಾಲ್ಕು ತಿಂಗಳೆಂಬುದು ಕಾರ್ಮಿಕನ ಇಡೀ ಸೇವಾವಧಿಗೆ ಅನ್ವಯಿಸುವ ಗರಿಷ್ಠ ಮಿತಿ. ಭತ್ಯೆ ಪಡೆಯುವ ಅವಧಿಯಲ್ಲಿ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಇಎಸ್‌ಐ ಆಸ್ಪತ್ರೆ ಮತ್ತು ಚಿಕಿತ್ಸಾಲಯಗಳಲ್ಲಿ ವೈದ್ಯಕೀಯ ಸೇವೆ ಮುಂದುವರಿಯುತ್ತದೆ. ಹೊಸ ಕೌಶಲ ಕಲಿಯಲು ಇಚ್ಛಿಸುವವರ ತರಬೇತಿ ಶುಲ್ಕ ಮತ್ತು ಪ್ರಯಾಣ ವೆಚ್ಚವನ್ನು ನಿಗಮವು ಭರಿಸುತ್ತದೆ.

ಕೆಳಗಿನ ಸಂದರ್ಭಗಳಲ್ಲಿ ಈ ಭತ್ಯೆ ದೊರೆಯುವುದಿಲ್ಲ ಅಥವಾ ನಿಂತುಹೋಗುತ್ತದೆ:

- ಸ್ವಇಚ್ಛೆಯಿಂದ ಕೆಲಸ ಬಿಡುವುದು, ಸ್ವಯಂ ನಿವೃತ್ತಿ ಅಥವಾ ಅವಧಿಪೂರ್ವ ನಿವೃತ್ತಿ
- ಶಿಸ್ತುಕ್ರಮದ ಮೂಲಕ ವಜಾಗೊಳ್ಳುವುದು
- ಲಾಕೌಟ್ ಅವಧಿ, ಹಾಗೂ ಕಾನೂನುಬಾಹಿರವೆಂದು ಘೋಷಿತವಾದ ಮುಷ್ಕರದ ಅವಧಿ
- ನಿವೃತ್ತಿ ವಯಸ್ಸು ಅಥವಾ 60 ವರ್ಷ, ಇವೆರಡರಲ್ಲಿ ಮೊದಲು ಬರುವುದನ್ನು ತಲುಪುವುದು
- ಬೇರೆಡೆ ಮತ್ತೆ ಕೆಲಸ ದೊರೆಯುವುದು
- ಸುಳ್ಳು ಹೇಳಿಕೆ ನೀಡಿ ಸೌಲಭ್ಯ ಪಡೆದುದಕ್ಕಾಗಿ ಕಾಯ್ದೆಯಡಿ ಶಿಕ್ಷೆಗೊಳಗಾಗುವುದು

ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ

‘ಬೀಮಿತ್ ವ್ಯಕ್ತಿ’ ಎಂಬ ಹಿಂದಿ ಪದಗಳ ಅರ್ಥ ವಿಮಾದಾರ ಎಂದು. ಈ ಯೋಜನೆಯು 2018ರ ಜುಲೈ 1ರಿಂದ, ಮೊದಲು ಎರಡು ವರ್ಷಗಳ ಪ್ರಾಯೋಗಿಕ ಯೋಜನೆಯಾಗಿ ಆರಂಭವಾಯಿತು. ಆಗ ಭತ್ಯೆಯ ದರ ಸರಾಸರಿ ದಿನಗಳಿಕೆಯ ಶೇಕಡಾ 25ರಷ್ಟಿತ್ತು. ಕೆಲಸ ಹೋದ ಮೂರು ತಿಂಗಳ ನಂತರವಷ್ಟೇ ಅದು ಸಲ್ಲುತ್ತಿತ್ತು. ಅರ್ಜಿಯೂ ಹಿಂದಿನ ಮಾಲೀಕನ ಮೂಲಕವೇ ಹೋಗಬೇಕಿತ್ತು.

2020ರ ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಉಂಟಾದ ವ್ಯಾಪಕ ಉದ್ಯೋಗ ನಷ್ಟದ ಹಿನ್ನೆಲೆಯಲ್ಲಿ ನಿಗಮವು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ನಿಯಮಗಳನ್ನು ಸಡಿಲಿಸಿತು. ದರವು ಶೇಕಡಾ 50ಕ್ಕೆ ಏರಿತು. ಕಾಯುವ ಅವಧಿ 90 ದಿನಗಳಿಂದ 30 ದಿನಗಳಿಗೆ ಇಳಿಯಿತು. ಕಾರ್ಮಿಕನು ನೇರವಾಗಿ ನಿಗಮದ ಶಾಖಾ ಕಚೇರಿಗೆ ಅರ್ಜಿ ಸಲ್ಲಿಸಲು ಅವಕಾಶವಾಯಿತು. ಈ ಸಡಿಲಿಕೆಯು ಮೊದಲು 2020ರ ಮಾರ್ಚ್ 24ರಿಂದ ಡಿಸೆಂಬರ್ 31ರವರೆಗೆ ಕೆಲಸ ಕಳೆದುಕೊಂಡವರಿಗೆ ಮಾತ್ರ ಇತ್ತು. ಅನಂತರ ಅದನ್ನು ಹಂತಹಂತವಾಗಿ ವಿಸ್ತರಿಸಲಾಯಿತು. ಯೋಜನೆಯು ಹೀಗೆ ಕಾಲಮಿತಿಯುಳ್ಳದ್ದಾಗಿರುವುದರಿಂದ, ಕೆಲಸ ಹೋದ ದಿನಾಂಕವು ಚಾಲ್ತಿಯಲ್ಲಿರುವ ಅವಧಿಯೊಳಗೆ ಬರುತ್ತದೆಯೇ ಎಂಬುದು ಅರ್ಹತೆಯ ಮೊದಲ ಪ್ರಶ್ನೆ.

ಸಡಿಲಿಸಿದ ನಿಯಮಗಳಂತೆ ಅರ್ಹತೆಯ ಷರತ್ತುಗಳು ಇವು:

1. ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಉದ್ಯೋಗದಲ್ಲಿರಬೇಕು.
2. ಕೆಲಸ ಹೋಗುವುದಕ್ಕೆ ನಿಕಟಪೂರ್ವದ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರಬೇಕು.
3. ಆ ಎರಡು ವರ್ಷಗಳ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿಯೂ ಕನಿಷ್ಠ 78 ದಿನಗಳ ವಂತಿಗೆ ಇರಬೇಕು.
4. ದುರ್ನಡತೆಗಾಗಿ ವಿಧಿಸಿದ ಶಿಕ್ಷೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಕೆಲಸ ಹೋಗಲು ಕಾರಣವಾಗಿರಬಾರದು.
5. ಒಂದಕ್ಕಿಂತ ಹೆಚ್ಚು ಮಾಲೀಕರ ಬಳಿ ದುಡಿಯುತ್ತಿದ್ದರೆ ಎಲ್ಲ ಕೆಲಸಗಳೂ ಹೋಗಿರಬೇಕು.
6. ಇದೇ ಬಗೆಯ ಬೇರೆ ಭತ್ಯೆಯನ್ನು ಅದೇ ಕಾಲದಲ್ಲಿ ಪಡೆಯುತ್ತಿರಬಾರದು.

ಭತ್ಯೆಯು ಗರಿಷ್ಠ 90 ದಿನಗಳಿಗೆ, ಜೀವಮಾನದಲ್ಲಿ ಒಮ್ಮೆ ಮಾತ್ರ ದೊರೆಯುತ್ತದೆ.

ಲೆಕ್ಕದ ಒಂದು ಉದಾಹರಣೆ

ತಿಂಗಳಿಗೆ 15,000 ರೂಪಾಯಿ ವೇತನ ಪಡೆಯುತ್ತಿದ್ದ, ಆರು ವರ್ಷ ಸೇವೆ ಸಲ್ಲಿಸಿದ ಕಾರ್ಮಿಕಳೊಬ್ಬಳ ಕೆಲಸ ಹೋಯಿತೆಂದು ಭಾವಿಸೋಣ. ಅಟಲ್ ಯೋಜನೆಯಲ್ಲಿ ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಸರಾಸರಿ ದಿನಗಳಿಕೆಯನ್ನು ಕಂಡುಹಿಡಿಯುತ್ತಾರೆ. ಎರಡು ವರ್ಷಗಳ ಗಳಿಕೆ 3,60,000 ರೂಪಾಯಿ. ದಿನವೊಂದಕ್ಕೆ ಸುಮಾರು 493 ರೂಪಾಯಿ. ಅದರ ಅರ್ಧ ಸುಮಾರು 246 ರೂಪಾಯಿ 50 ಪೈಸೆ. 90 ದಿನಗಳಿಗೆ ಒಟ್ಟು ಸುಮಾರು 22,190 ರೂಪಾಯಿ. ಸಂಬಳವಿಲ್ಲದ ರಜೆಗಳು ಹೆಚ್ಚಾಗಿದ್ದರೆ ಗಳಿಕೆ ಕುಗ್ಗಿ ಈ ಮೊತ್ತವೂ ಕಡಿಮೆಯಾಗುತ್ತದೆ.

ಅದೇ ಕಾರ್ಮಿಕಳ ಕೆಲಸ ಹೋದದ್ದು ಕಾರ್ಖಾನೆ ಮುಚ್ಚಿದ್ದರಿಂದ ಎಂದಾದರೆ, ರಾಜೀವ್ ಗಾಂಧಿ ಯೋಜನೆಯಡಿ ಮೊದಲ ವರ್ಷ ತಿಂಗಳಿಗೆ ಸುಮಾರು 7,500, ಎರಡನೆಯ ವರ್ಷ ಸುಮಾರು 3,750 ರೂಪಾಯಿ ದೊರೆಯಬಹುದು. ಪೂರ್ಣ ಇಪ್ಪತ್ತನಾಲ್ಕು ತಿಂಗಳೂ ಬೇರೆ ಕೆಲಸ ಸಿಗದಿದ್ದರೆ ಒಟ್ಟು ಮೊತ್ತ ಸುಮಾರು 1,35,000 ರೂಪಾಯಿ. ಒಂದೇ ವೇತನ, ಒಂದೇ ಸೇವಾವಧಿಯಿದ್ದರೂ ಕೆಲಸ ಹೋದ ಕಾರಣವನ್ನು ದಾಖಲೆಯು ಹೇಗೆ ಹೇಳುತ್ತದೆ ಎಂಬುದರ ಮೇಲೆ ನೆರವು ಹಲವು ಪಟ್ಟು ವ್ಯತ್ಯಾಸವಾಗುತ್ತದೆ.

ರಾಜೀನಾಮೆಯ ಪ್ರಶ್ನೆ

ಕೆಲಸದಿಂದ ಬಿಡುಗಡೆಯಾಗುವ ರೀತಿಗೆ ಕಾನೂನಿನಲ್ಲಿ ಬೇರೆಬೇರೆ ಹೆಸರುಗಳಿವೆ. ಮಾಲೀಕನು ಶಿಕ್ಷೆಯಾಗಿ ಅಲ್ಲದೆ ಬೇರಾವುದೇ ಕಾರಣಕ್ಕಾಗಿ ಸೇವೆಯನ್ನು ಕೊನೆಗೊಳಿಸಿದರೆ ಅದು ಉದ್ಯೋಗ ಕಡಿತ. ದುರ್ನಡತೆಯ ವಿಚಾರಣೆಯ ನಂತರ ತೆಗೆದುಹಾಕಿದರೆ ಅದು ವಜಾ. ನೌಕರನೇ ಬಿಟ್ಟರೆ ಅದು ರಾಜೀನಾಮೆ. ನಿಗದಿತ ಅವಧಿಯ ಒಪ್ಪಂದವು ಮುಗಿದು ನವೀಕರಣವಾಗದಿದ್ದರೆ ಅದನ್ನು ಉದ್ಯೋಗ ಕಡಿತವೆಂದು ಪರಿಗಣಿಸುವುದಿಲ್ಲ. ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಗೆ ಕಳುಹಿಸುವುದು ಲೇ ಆಫ್. ಅಲ್ಲಿ ಸೇವಾ ಸಂಬಂಧ ಮುರಿದಿರುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಉದ್ಯೋಗ ಕಡಿತ ಮಾಡಬಯಸುವ ಮಾಲೀಕರು ನೌಕರರಿಂದ ರಾಜೀನಾಮೆ ಪತ್ರ ಬರೆಸಿಕೊಳ್ಳುವುದುಂಟು. ಬಾಕಿ ವೇತನ ಬೇಗ ಕೊಡುವುದಾಗಿ ಅಥವಾ ಒಳ್ಳೆಯ ಅನುಭವ ಪತ್ರ ನೀಡುವುದಾಗಿ ಹೇಳಿ ಸಹಿ ಪಡೆಯುವುದು ಇದರ ಸಾಮಾನ್ಯ ರೂಪ. ಹೀಗೆ ಸಹಿ ಮಾಡಿದ ಪತ್ರದಿಂದ ಉದ್ಯೋಗ ಕಡಿತವು ದಾಖಲೆಯಲ್ಲಿ ಸ್ವಇಚ್ಛೆಯ ನಿರ್ಗಮನವಾಗಿ ಬದಲಾಗುತ್ತದೆ. ಇದರಿಂದ ಮಾಲೀಕನು ಕೊಡಬೇಕಾದ ಪರಿಹಾರದ ಜೊತೆಗೆ ನಿಗಮದಿಂದ ಬರಬೇಕಾದ ಭತ್ಯೆಯೂ ತಪ್ಪಬಹುದು. ಒತ್ತಾಯದಿಂದ ಪಡೆದ ರಾಜೀನಾಮೆಗೆ ಕಾನೂನಿನ ಮಾನ್ಯತೆಯಿಲ್ಲ. ಆದರೆ ಒತ್ತಾಯವಿತ್ತೆಂದು ಸಾಬೀತುಪಡಿಸುವ ಹೊಣೆ ಸಹಿ ಮಾಡಿದ ನೌಕರನದೇ ಆಗಿರುತ್ತದೆ. ಸಂದೇಶಗಳು, ಒಂದೇ ದಿನ ಒಂದೇ ಮಾದರಿಯಲ್ಲಿ ಹಲವರು ಬರೆದ ಪತ್ರಗಳು, ಸಹಿಯಾದ ಕೂಡಲೇ ಸಲ್ಲಿಸಿದ ಲಿಖಿತ ಆಕ್ಷೇಪಣೆ ಇಂತಹ ವಿವಾದಗಳಲ್ಲಿ ಸಾಕ್ಷ್ಯವಾಗಬಲ್ಲವು. ತಡಮಾಡಿದಷ್ಟೂ ಆಕ್ಷೇಪಣೆಯ ಬಲ ಕುಗ್ಗುತ್ತದೆ. ವಿವಾದವನ್ನು ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ತರಲಾಗುತ್ತದೆ.

ಮಾಲೀಕನಿಂದ ಬರಬೇಕಾದ ಪರಿಹಾರ

ನಿಗಮದ ಭತ್ಯೆಯಲ್ಲದೆ, ಕೆಲಸದಿಂದ ತೆಗೆದ ಮಾಲೀಕನೂ ಪರಿಹಾರ ನೀಡಬೇಕೆಂಬ ನಿಯಮವಿದೆ. ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 25ಎಫ್ ಕಲಮಿನ ಪ್ರಕಾರ ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕನನ್ನು ಕಡಿತಗೊಳಿಸುವಾಗ ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲಿಗೆ ವೇತನ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ನೀಡಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆಯೆಂದು ಪರಿಗಣಿಸಲಾಗುತ್ತದೆ. ಮೇಲಿನ ಉದಾಹರಣೆಯ ಕಾರ್ಮಿಕಳಿಗೆ ಆರು ವರ್ಷಗಳಿಗೆ ಸುಮಾರು 45,000 ರೂಪಾಯಿ ಪರಿಹಾರ ಸಲ್ಲುತ್ತದೆ. ಕೊನೆಯಲ್ಲಿ ಸೇರಿದವರನ್ನು ಮೊದಲು ತೆಗೆಯಬೇಕು, ಮತ್ತೆ ನೇಮಕ ಮಾಡುವಾಗ ತೆಗೆದವರಿಗೆ ಆದ್ಯತೆ ನೀಡಬೇಕು ಎಂಬ ತತ್ತ್ವಗಳೂ ಇದೇ ಕಾಯ್ದೆಯಲ್ಲಿವೆ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಸ್ಥಾನದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಬಂದಿದೆ. ಹದಿನೈದು ದಿನಗಳ ಪರಿಹಾರದ ನಿಯಮ ಸಂಹಿತೆಯಲ್ಲಿಯೂ ಮುಂದುವರಿದಿದೆ. ಉದ್ಯೋಗ ಕಡಿತಕ್ಕೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕಾದ ಕಾರ್ಖಾನೆಗಳ ಕಾರ್ಮಿಕ ಸಂಖ್ಯೆಯ ಮಿತಿಯನ್ನು 100ರಿಂದ 300ಕ್ಕೆ ಏರಿಸಲಾಗಿದೆ. ಕಡಿತಗೊಂಡ ಪ್ರತಿಯೊಬ್ಬ ಕಾರ್ಮಿಕನಿಗಾಗಿ ಮಾಲೀಕನು ಹದಿನೈದು ದಿನಗಳ ವೇತನದಷ್ಟು ಮೊತ್ತವನ್ನು ಮರುಕೌಶಲ ನಿಧಿಗೆ ನೀಡಬೇಕು. ಆ ಹಣ 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಜಮೆಯಾಗಬೇಕು ಎಂಬುದು ಹೊಸ ಅಂಶ.

ನಿರುದ್ಯೋಗ ಭತ್ಯೆಯಲ್ಲದ ಸೌಲಭ್ಯಗಳು

ಕೆಲಸ ಹೋದಾಗ ಕೈಗೆ ಬರುವ ಎಲ್ಲ ಹಣವೂ ನಿರುದ್ಯೋಗ ಭತ್ಯೆಯಲ್ಲ. ಭವಿಷ್ಯ ನಿಧಿಯು (ಪಿಎಫ್) ನೌಕರನ ಹಾಗೂ ಮಾಲೀಕನ ವಂತಿಗೆಯಿಂದ ಕೂಡಿದ, ನೌಕರನದೇ ಆದ ಉಳಿತಾಯ. ಕೆಲಸವಿಲ್ಲದ ಅವಧಿಯಲ್ಲಿ ಅದರಿಂದ ಹಣ ತೆಗೆಯಲು ಅವಕಾಶವಿದೆ. ಆದರೆ ತೆಗೆದಷ್ಟೂ ಮುಪ್ಪಿನ ಕಾಲದ ಗಂಟು ಕರಗುತ್ತದೆ. ಗ್ರ್ಯಾಚುಟಿಯು ದೀರ್ಘ ಸೇವೆಗೆ ಸಲ್ಲುವ ಮೊತ್ತ. ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಿದವರಿಗೆ, ರಾಜೀನಾಮೆ ನೀಡಿದ್ದರೂ ಸಹ, ಅದು ದೊರೆಯುತ್ತದೆ.

ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯನ್ನೂ ಜನರು ನಿರುದ್ಯೋಗ ಭತ್ಯೆಯೆಂದೇ ಕರೆಯುತ್ತಾರೆ. 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭವಾದ ಈ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಲಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷಗಳವರೆಗೆ ನೀಡಲಾಗುತ್ತದೆ. ತೇರ್ಗಡೆಯಾಗಿ 180 ದಿನಗಳಾದರೂ ಕೆಲಸ ದೊರೆಯದಿರುವುದು ಇದರ ಷರತ್ತು. ಇದು ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಇರುವ ನೆರವೇ ಹೊರತು ಇದ್ದ ಕೆಲಸವನ್ನು ಕಳೆದುಕೊಂಡವರಿಗಾಗಿ ರೂಪಿಸಿದ್ದಲ್ಲ.

ಅರ್ಜಿ ಮತ್ತು ದಾಖಲೆಗಳು

ಅಟಲ್ ಯೋಜನೆಯ ಅರ್ಜಿಯನ್ನು ನಿಗಮದ ಜಾಲತಾಣದಲ್ಲಿ ಸಲ್ಲಿಸಬಹುದು. ಆರಂಭದಲ್ಲಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಕೇಳಲಾಗುತ್ತಿತ್ತು. ಅದು ಕಾರ್ಮಿಕರಿಗೆ ತೊಡಕಾಗಿದ್ದುದರಿಂದ 2020ರ ನವೆಂಬರ್‌ನಲ್ಲಿ ಕೈಬಿಡಲಾಯಿತು. ಅರ್ಜಿಗೆ ಮುಖ್ಯವಾಗಿ ಬೇಕಾಗುವವು ಹತ್ತು ಅಂಕಿಗಳ ವಿಮಾ ಸಂಖ್ಯೆ, ಆಧಾರ್ ಮತ್ತು ಅರ್ಜಿದಾರರ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯ ವಿವರ. ಈ ಮೂರರಲ್ಲಿಯೂ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇರುವುದು ಅಗತ್ಯ. ತಂದೆಯ ಹೆಸರಿನ ಮೊದಲಕ್ಷರ ಒಂದೆಡೆ ಇದ್ದು ಮತ್ತೊಂದೆಡೆ ಇಲ್ಲದಿರುವಂತಹ ಸಣ್ಣ ವ್ಯತ್ಯಾಸವೂ ಅರ್ಜಿಯನ್ನು ತಡೆಹಿಡಿಯಲು ಸಾಕಾಗಬಹುದು.

ಸಂಬಳದ ಚೀಟಿಗಳು, ಹಾಜರಿಯ ವಿವರ, ಕೆಲಸದಿಂದ ತೆಗೆದ ಆದೇಶ ಅಥವಾ ಮುಚ್ಚುಗಡೆಯ ಸೂಚನೆಯ ಪ್ರತಿಗಳು ಪೋಷಕ ದಾಖಲೆಗಳಾಗುತ್ತವೆ. ಸಂಬಳದಿಂದ ವಂತಿಗೆಯನ್ನು ಕಡಿತಗೊಳಿಸಿಯೂ ಮಾಲೀಕನು ನಿಗಮಕ್ಕೆ ಕಟ್ಟದಿದ್ದರೆ ದಿನಗಳ ಲೆಕ್ಕ ಕಡಿಮೆಯಾಗಿ ಕಾಣುತ್ತದೆ. ಅಂತಹ ಬಾಕಿಯನ್ನು ಮಾಲೀಕನಿಂದ ವಸೂಲು ಮಾಡುವ ಅಧಿಕಾರ ನಿಗಮಕ್ಕಿದೆ. ಆದ್ದರಿಂದ ಕಡಿತವನ್ನು ತೋರಿಸುವ ಸಂಬಳದ ಚೀಟಿ ಕಾರ್ಮಿಕನ ಕೈಯಲ್ಲಿರುವ ಮುಖ್ಯ ಪುರಾವೆ. ಕೆಲಸದಲ್ಲಿರುವಾಗಲೇ ಜಾಲತಾಣದಲ್ಲಿ ತಮ್ಮ ವಂತಿಗೆಯ ವಿವರವನ್ನು ನೋಡಿಕೊಳ್ಳಲು ವಿಮಾದಾರರಿಗೆ ಅವಕಾಶವಿದೆ.

ಮಿತಿಗಳು

ಈ ವ್ಯವಸ್ಥೆಯ ಮೊದಲ ಮಿತಿ ಅದರ ವ್ಯಾಪ್ತಿ. ಕೃಷಿ ಕೂಲಿಗಳು, ಮನೆಗೆಲಸದವರು, ಬೀದಿ ವ್ಯಾಪಾರಿಗಳು ಮತ್ತು ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗಳ ನೌಕರರು ಬಹುಪಾಲು ಇದರ ಹೊರಗಿದ್ದಾರೆ. ಮತ್ತೊಂದು ತುದಿಯಲ್ಲಿ, ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೌಕರರಲ್ಲಿ ವೇತನ 21,000 ರೂಪಾಯಿ ಮೀರಿದವರು ಇಎಸ್‌ಐಗೆ ಒಳಪಡುವುದಿಲ್ಲ. ಹೀಗಾಗಿ ಸಾಮೂಹಿಕ ಉದ್ಯೋಗ ಕಡಿತದ ಕಾಲದಲ್ಲಿ ಅವರಿಗೆ ಈ ಎರಡೂ ಯೋಜನೆಗಳು ಅನ್ವಯಿಸವು. ಕರ್ನಾಟಕದಲ್ಲಿ ಈ ಯೋಜನೆಗಳು ಹೆಚ್ಚು ಪ್ರಸ್ತುತವಾಗುವುದು ಸಿದ್ಧ ಉಡುಪು ಕಾರ್ಖಾನೆಗಳು ಮತ್ತು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಹಾಗೂ ಮಧ್ಯಮ ಘಟಕಗಳ ಕಾರ್ಮಿಕರಿಗೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು.

ಎರಡನೆಯ ಮಿತಿ ನಿರಂತರತೆಯ ಷರತ್ತು. ಗುತ್ತಿಗೆದಾರರು ಬದಲಾದಾಗ ಕಾರ್ಮಿಕರಿಗೆ ಹೊಸ ವಿಮಾ ಸಂಖ್ಯೆ ನೀಡುವುದರಿಂದ ಹಳೆಯ ಸೇವೆಯು ಲೆಕ್ಕದಿಂದ ಬಿಟ್ಟುಹೋಗುವ ಸಂಭವವಿದೆ. ವಿಮಾ ಸಂಖ್ಯೆಯು ವ್ಯಕ್ತಿಗೆ ಸಂಬಂಧಿಸಿದ್ದೇ ಹೊರತು ಉದ್ಯೋಗಕ್ಕಲ್ಲ. ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಸಂಖ್ಯೆಯನ್ನೇ ನೀಡಿದರೆ ಸೇವೆಯ ದಾಖಲೆ ಒಂದೆಡೆ ಕೂಡಿಬರುತ್ತದೆ.

ಮೂರನೆಯ ಮಿತಿ ತಿಳಿವಳಿಕೆಯ ಕೊರತೆ. ಇಎಸ್‌ಐ ಎಂದೊಡನೆ ಆಸ್ಪತ್ರೆಯೊಂದೇ ನೆನಪಾಗುವುದು ಸಾಮಾನ್ಯ. ಕೆಲಸ ಹೋದಾಗಲೂ ಅದು ನೆರವಾಗುತ್ತದೆ ಎಂಬುದು ಅನೇಕ ವಿಮಾದಾರರ ಗಮನಕ್ಕೆ ಬಂದಿರುವುದಿಲ್ಲ. ಭತ್ಯೆಯು ತಾನಾಗಿಯೇ ಖಾತೆಗೆ ಬರುವುದಿಲ್ಲ. ಅರ್ಹತೆಯಿದ್ದರೂ ಕಾಲಮಿತಿಯೊಳಗೆ ಅರ್ಜಿ ಸಲ್ಲಿಸಿದವರಿಗೆ ಮಾತ್ರ ಅದು ದೊರೆಯುತ್ತದೆ.